ಕೆತುತ್, ಅವಳಿಗೆ ಹೇಳಪ್ಪ

ಮಿನಿ ಬಸ್ಸಿನಲ್ಲಿ ಹತ್ತೊಂಬತ್ತು ಹೆಂಗಸರು ಹತ್ತಿ ಕೂತಾಗಿತ್ತು. ಇಪ್ಪತ್ತನೆಯವಳಾಗಿ ಹತ್ತಿದ ಮುನಿಲಕ್ಷ್ಮಮ್ಮನಿಗೆ ಉಳಿದಿದ್ದು ಒಂದೇ ಒಂದು ಸೀಟು, ಅದೂ ಸೊಣ್ಣಮ್ಮನ ಪಕ್ಕದ್ದು. ಬೆಂಗಳೂರಿಂದ ಸಮುದ್ರ ದಾಟಿ ಬಾಲಿ ದ್ವೀಪಕ್ಕೆ ಬಂದರೂ ಈ ಗ್ರಹಚಾರ ತಪ್ಪಲಿಲ್ಲವಲ್ಲ ಎಂದುಕೊಂಡು ಅವಳು ಮೆಟ್ಟಿಲ ಮೇಲೆಯೇ ನಿಂತಳು.

"ದೊಡ್ಡಮ್ಮ, ಬೇಗ ಕೂತ್ಕೊಳ್ಳಿ. ಇವತ್ತು ಎಂಟು ಜಾಗ ಇದೆ," ಎಂದಳು ದಿವ್ಯ. ಕೈಯಲ್ಲಿ ಕಿತ್ತಳೆ ಬಣ್ಣದ ಕೊಡೆ, ಕೊರಳಲ್ಲಿ ಪೀಪಿ. ಜಯನಗರ ನಾಲ್ಕನೇ ಬ್ಲಾಕಿನ ಟೂರ್ ಆಫೀಸಿನಲ್ಲಿ ಕೆಲಸ ಅವಳಿಗೆ. ಸೊಣ್ಣಮ್ಮನ ಹೊಟ್ಟೆಯಲ್ಲಿ ಹುಟ್ಟಿದ ಮಗಳು. ಹಿಂದಿನ ಎರಡು ದಿನ ದೊಡ್ಡ ಬಸ್ಸಿತ್ತು, ಒಬ್ಬಳು ಮುಂದೆ ಒಬ್ಬಳು ಹಿಂದೆ ಕೂತು ಬಚಾವಾಗಿದ್ದರು. ಈವತ್ತು ಬೇಕೆಂದೇ ಚಿಕ್ಕ ಬಸ್ಸು ಹೇಳಿದ್ದಾಳೆ ಈ ಹುಡುಗಿ. ಮುಖ ನೋಡಿದರೆ ಬೆಕ್ಕಿನ ಮರಿಯಷ್ಟು ಸಾಧು, ಒಳಗೆಲ್ಲ ಕಿತಾಪತಿ.

ಮುನಿಲಕ್ಷ್ಮಮ್ಮ ಸೆರಗು ಎಳೆದುಕೊಂಡು ಸೀಟಿನ ಅಂಚಿಗೆ ಕೂತಳು. ಸೊಣ್ಣಮ್ಮ ಕಿಟಕಿಗೆ ಅಂಟಿಕೊಂಡಳು. ನಡುವೆ ಒಂದು ಮಗು ಮಲಗುವಷ್ಟು ಜಾಗ ಬಿಟ್ಟುಕೊಂಡರು ಇಬ್ಬರೂ.

ಇವರಿಬ್ಬರೂ ಓರಗಿತ್ತಿಯರು. ಜೆ.ಪಿ. ನಗರದ ಒಳಗೆ ಇನ್ನೂ ಹಳ್ಳಿಯ ಹೆಸರಿಟ್ಟುಕೊಂಡೇ ಬದುಕಿರುವ ಸಾರಕ್ಕಿಯಲ್ಲಿ ಒಂದೇ ಕಾಂಪೌಂಡು, ಎರಡು ಮನೆ. ಅಣ್ಣ ಚಿಕ್ಕಬೈರಪ್ಪನಿಗೆ ಮುನಿಲಕ್ಷ್ಮಮ್ಮ, ತಮ್ಮ ವೆಂಕಟಸ್ವಾಮಿಗೆ ಸೊಣ್ಣಮ್ಮ. ಮೂವತ್ತು ವರ್ಷ ಒಂದೇ ಒಲೆಯ ಮೇಲೆ ಮುದ್ದೆ ತಿರುವಿದವರು ಈಗ ಆರು ವರ್ಷದಿಂದ ಮಾತಾಡಿಲ್ಲ. ಹಾಗಂತ ಮಾತೇನೂ ನಿಂತಿರಲಿಲ್ಲ. ಸಂಪು ತುಂಬಿ ಹರಿದರೆ ಸೊಣ್ಣಮ್ಮ ಅಂಗಳಕ್ಕೆ ಬಂದು ತುಳಸಿ ಗಿಡಕ್ಕೆ ಹೇಳುತ್ತಿದ್ದಳು, "ಮೋಟ್ರು ಆಫ್ ಮಾಡೋಕೂ ಜ್ಞಾನ ಬೇಡ್ವಾ ಜನಕ್ಕೆ." ಸೊಣ್ಣಮ್ಮನಿಗೆ ಜ್ವರ ಬಂದ ದಿನ ಮುನಿಲಕ್ಷ್ಮಮ್ಮ ಹಾಲಿನವನ ಕೈಯಲ್ಲಿ ಗಂಜಿಯ ಡಬ್ಬಿ ಕೊಟ್ಟು, "ಆ ಮನೇಲಿ ಯಾರಾದ್ರೂ ಇದ್ರೆ ಕೊಡಪ್ಪ, ಇಲ್ದಿದ್ರೆ ನಾಯಿಗೆ ಹಾಕು," ಎಂದಿದ್ದಳು. ಡಬ್ಬಿ ತೊಳೆದು ವಾಪಸ್ಸು ಬಂದಿತ್ತು. ಗಿಡ, ನಾಯಿ, ಹಾಲಿನವನು, ತರಕಾರಿ ಗಾಡಿಯವಳು, ಯಾರಾದರೊಬ್ಬರು ನಡುವೆ ಇದ್ದರೆ ಸರಿ, ಸಂಸಾರ ಸಾಗುತ್ತಿತ್ತು.

ಮಾತು ಬಿಟ್ಟದ್ದಕ್ಕೆ ಕಾರಣ ಜಮೀನಲ್ಲ, ಸೈಟಲ್ಲ. ಒಂದು ಬಟ್ಟಲು ಅರಿಶಿನ.

ಮುನಿಲಕ್ಷ್ಮಮ್ಮನ ಮಗಳು ಸೌಮ್ಯ ಹುಟ್ಟಿದಾಗ ತಾಯಿ ಕಾಮಾಲೆ ಬಂದು ನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದಳು. ಸೊಣ್ಣಮ್ಮನ ಮಡಿಲಲ್ಲಿ ಆಗ ಎರಡು ತಿಂಗಳ ದಿವ್ಯ. ಒಂದು ಮಗ್ಗುಲಿಗೆ ದಿವ್ಯ, ಇನ್ನೊಂದು ಮಗ್ಗುಲಿಗೆ ಸೌಮ್ಯ, ಎರಡಕ್ಕೂ ಹಾಲು ಕೊಟ್ಟು ಸಾಕಿದಳು ಆ ಪುಣ್ಯಾತ್ಗಿತ್ತಿ. ಅಂಥ ಸೌಮ್ಯಳ ಮದುವೆಯಲ್ಲಿ ಅರಿಶಿನ ಹಚ್ಚುವ ಶಾಸ್ತ್ರಕ್ಕೆ ಸೊಣ್ಣಮ್ಮನೇ ಮೊದಲು ಬಟ್ಟಲು ಹಿಡಿದು ಬಂದಳು. ಗಂಡ ವೆಂಕಟಸ್ವಾಮಿ ತೀರಿಹೋಗಿ ಆಗಿನ್ನೂ ಎಂಟು ತಿಂಗಳು. ಚಪ್ಪರದಡಿಯಲ್ಲಿ ಮುತ್ತೈದೆಯರೆಲ್ಲ ಸುಮ್ಮನಾದರು. ಗಂಡಂದಿರ ಸೋದರತ್ತೆ ಗೋವಿಂದಮ್ಮ ಒಂದು ಸಲ ಕೆಮ್ಮಿದಳು, ಅಷ್ಟೇ. ಆ ಕೆಮ್ಮಿಗೆ ಹೆದರಿ ಮುನಿಲಕ್ಷ್ಮಮ್ಮ ಎದ್ದು ಹೋಗಿ ಸೊಣ್ಣಮ್ಮನ ಕೈಯಿಂದ ಬಟ್ಟಲು ತೆಗೆದುಕೊಂಡು, "ನೀನು ಒಳಗೆ ಅಡಿಗೆ ನೋಡ್ಕೊ ಹೋಗು," ಎಂದುಬಿಟ್ಟಳು. ಸೊಣ್ಣಮ್ಮ ಒಳಗೆ ಹೋದಳು. ಮುನ್ನೂರು ಎಲೆಗೆ ಅಡಿಗೆ ನೋಡಿಕೊಂಡಳು. ಆಮೇಲೆ ಮಾತಾಡಲಿಲ್ಲ.

ಎರಡು ವರ್ಷದ ಕೆಳಗೆ ಚಿಕ್ಕಬೈರಪ್ಪನೂ ಹೋದ. ಆಗ ಸೊಣ್ಣಮ್ಮ ಬಂದು ಹನ್ನೊಂದು ದಿನ ಇಡೀ ಮನೆಗೆ ಬೇಯಿಸಿ ಹಾಕಿ, ಮುನಿಲಕ್ಷ್ಮಮ್ಮನ ತಲೆ ಬಾಚಿ, ಒಂದು ಮಾತೂ ಆಡದೆ ತನ್ನ ಮನೆಗೆ ಹೋಗಿ ಅಗುಳಿ ಹಾಕಿಕೊಂಡಳು. ಬೈದು ಹೋಗಿದ್ದರೆ ಎಷ್ಟೋ ವಾಸಿಯಿತ್ತು.

ಈಗ ಸೌಮ್ಯಳಿಗೆ ಏಳು ತಿಂಗಳು. ಆರು ವರ್ಷ ಕಾದು, ಸುತ್ತದ ಆಸ್ಪತ್ರೆಯಿಲ್ಲ, ಹರಸಿಕೊಳ್ಳದ ದೇವರಿಲ್ಲ ಎನ್ನುವ ಹಾಗೆ ಅಲೆದ ಮೇಲೆ ನಿಂತ ಬಸಿರು. ಸೀಮಂತಕ್ಕೆ ಇನ್ನು ಹತ್ತೇ ದಿನ. ಮಗಳು ಒಂದೇ ಹಟ ಹಿಡಿದಿದ್ದಳು, "ಮೊದ್ಲು ಅರಿಶಿನ ಹಚ್ಚೋದು ಚಿಕ್ಕಮ್ಮನೇ. ಅವರು ಬರ್ದಿದ್ರೆ ನಾನು ಹಸೆ ಮೇಲೆ ಕೂರಲ್ಲ. ಕರೆಯೋದು ನೀನು. ನಾನಲ್ಲ, ದಿವ್ಯ ಅಲ್ಲ, ನೀನು." ಹಾಗೆಂದವಳೇ ದಿವ್ಯಳ ಜೊತೆ ಸೇರಿ ಈ ಟೂರಿನ ಸಂಚು ಮಾಡಿದ್ದಳು. ಒಬ್ಬಳಿಗೆ ಇನ್ನೊಬ್ಬಳು ಬರುತ್ತಾಳೆಂದು ಗೊತ್ತಾದದ್ದು ವಿಮಾನ ನಿಲ್ದಾಣದಲ್ಲಿಯೇ. ನಾಳೆ ವಾಪಸ್ಸು ವಿಮಾನ. ಇಳಿದ ಕೂಡಲೇ ಸೊಣ್ಣಮ್ಮ ತವರಿಗೆ, ಹಾರೋಹಳ್ಳಿಗೆ, ಹದಿನೈದು ದಿನ. ಹಾಗಾಗಿ ಹೇಳುವುದಿದ್ದರೆ ಈವತ್ತೇ ಹೇಳಬೇಕು.

ಹೇಳುವುದು ಹೇಗೆ? ಶುಭಕ್ಕೆ ಕರೆಯುವುದೆಂದರೆ ಅರಿಶಿನ ಕುಂಕುಮ ಇಟ್ಟು ಕರೆಯಬೇಕು. ಕುಂಕುಮ ಕೊಡುವಂತಿಲ್ಲ ಸೊಣ್ಣಮ್ಮನಿಗೆ. ಇಡುವ ಯೋಗ್ಯತೆ ತನಗೂ ಇಲ್ಲ ಈಗ. ಮುನಿಲಕ್ಷ್ಮಮ್ಮ ಬಹಳ ಯೋಚಿಸಿ, ಒಂದೇ ಒಂದು ಅರಿಶಿನದ ಕೊಂಬನ್ನು ಕಾಗದದಲ್ಲಿ ಸುತ್ತಿ ಎಲೆಅಡಿಕೆ ಚೀಲದೊಳಗೆ ಊರಿನಲ್ಲೇ ಇಟ್ಟುಕೊಂಡಿದ್ದಳು. ಅಂಗಳ ದಾಟಿ ಕೊಡಲು ಧೈರ್ಯ ಸಾಲದೆ ಅದು ಅವಳ ಸೊಂಟದಲ್ಲಿಯೇ ಬಾಲಿಗೂ ಬಂದಿತ್ತು.

"ಓಂ ಸ್ವಸ್ತಿಅಸ್ತು!" ಎಂದು ಗೈಡು ಕೈಮುಗಿದ. ಹೆಸರು ಕೆತುತ್. ಮೂವತ್ತರ ಆಸುಪಾಸು, ತಲೆಗೆ ಬಿಳಿ ಪೇಟ, ಸೊಂಟಕ್ಕೆ ಚೌಕಳಿ ಪಂಚೆ, ಕಿವಿಯ ಹಿಂದೆ ಒಂದು ಹೂ. ಅವರೂರಲ್ಲಿ ನಾಲ್ಕನೆಯದಾಗಿ ಹುಟ್ಟಿದ ಮಗುವಿಗೆ ಕೆತುತ್ ಎಂದೇ ಹೆಸರಂತೆ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ದಿವ್ಯ ಕನ್ನಡ ಮಾಡುತ್ತಿದ್ದಳು. ಬಸ್ಸು ಹೊರಟಿತು. ಎ.ಸಿ. ಗಾಳಿ ನೇರವಾಗಿ ಮುನಿಲಕ್ಷ್ಮಮ್ಮನ ಕಿವಿಗೇ ಹೊಡೆಯುತ್ತಿತ್ತು. ಸೊಣ್ಣಮ್ಮ ಅದನ್ನು ನೋಡಿದಳು. ತುಳಸಿ ಗಿಡ ಇಲ್ಲ, ನಾಯಿ ಇಲ್ಲ, ಹಾಲಿನವನೂ ಇಲ್ಲ. ಮುಂದಿನ ಸೀಟಿನ ಹತ್ತಿರ ನಿಂತಿದ್ದ ಗೈಡಿನ ಕಡೆಗೆ ತಿರುಗಿ ಅಚ್ಚ ಸಾರಕ್ಕಿ ಕನ್ನಡದಲ್ಲಿ ಹೇಳಿದಳು,

"ಕೆತುತ್, ಅವ್ರಿಗೆ ಹೇಳಪ್ಪ, ಕಿವಿಗೆ ಸೆರಗು ಕಟ್ಕೊಳ್ಳೋಕೆ. ಆಮೇಲೆ ಕಿವಿನೋವು ಅಂತ ರಾತ್ರಿಯೆಲ್ಲ ನರಳ್ತಾರೆ."

ಕೆತುತ್‌ಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ತನ್ನ ಹೆಸರು ಕರೆದಿದ್ದಾರೆ, ಏನೋ ಒಪ್ಪಿಸಿದ್ದಾರೆ. ಸಂಭಾವಿತ ಮನುಷ್ಯ, ಮುನಿಲಕ್ಷ್ಮಮ್ಮನ ಕಡೆ ತಿರುಗಿ ತಲೆ ಬಾಗಿಸಿ ನಕ್ಕ. ಮುನಿಲಕ್ಷ್ಮಮ್ಮ ಕಿವಿಗೆ ಸೆರಗು ಕಟ್ಟಿಕೊಂಡಳು.

"ಹೇಳಪ್ಪ ಅವಳಿಗೂ," ಎಂದಳು ಸ್ವಲ್ಪ ಹೊತ್ತು ಬಿಟ್ಟು, "ಖಾಲಿ ಹೊಟ್ಟೇಲಿ ಮಾತ್ರೆ ನುಂಗ್ಬೇಡ ಅಂತ. ನನ್ನ ಹತ್ರ ಚಕ್ಕುಲಿ ಇದೆ."

ಕೆತುತ್ ಆ ಕಡೆಗೂ ತಲೆ ಬಾಗಿಸಿದ. ಚಕ್ಕುಲಿ ಪೊಟ್ಟಣ ಅವನ ಕೈಯಿಂದ ಸೊಣ್ಣಮ್ಮನಿಗೆ ಹೋಯಿತು. ಮುಂದೆ ಕೂತಿದ್ದ ದಿವ್ಯ ಕೊಡೆಯ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದಳು.

ಹೀಗೆ ಶುರುವಾಯಿತು ಆ ದಿನ. ಎಂಟು ಜಾಗಗಳ ಟೂರೆಂದರೆ ಟೂರಲ್ಲ, ಓಟ. ಪೀಪಿ ಊದಿದರೆ ಇಳಿ, ಪೀಪಿ ಊದಿದರೆ ಹತ್ತು. ಮೊದಲು ಸಿಂಹದ ವೇಷದವರ ಕುಣಿತ, ಅದು ಕೊನೆ ಮುಟ್ಟುವ ಮೊದಲೇ ಬಟ್ಟೆಗೆ ಮೇಣದಲ್ಲಿ ಚಿತ್ರ ಬಿಡಿಸುವ ಅಂಗಡಿ. ಯಾರೋ ಒಬ್ಬಾಕೆ ಬಟ್ಟೆ ನೋಡುತ್ತ ಕೂತುಬಿಟ್ಟು ಹತ್ತು ನಿಮಿಷ ತಡ.

ಕುಣಿತದ ಮಂಟಪದ ಬಾಗಿಲಲ್ಲಿ ಒಂದು ಎಡವಟ್ಟಾಯಿತು. ಅಂಗೈಯಷ್ಟಗಲದ ತೆಂಗಿನ ಗರಿಯ ಬುಟ್ಟಿ, ಅದರಲ್ಲಿ ಬಣ್ಣಬಣ್ಣದ ಹೂ, ಒಂದಿಷ್ಟು ಅನ್ನ, ಉರಿಯುವ ಊದುಬತ್ತಿ, ಯಾರೋ ನಡುದಾರಿಯಲ್ಲಿ ನೆಲದ ಮೇಲಿಟ್ಟು ಹೋಗಿದ್ದರು. ಮುನಿಲಕ್ಷ್ಮಮ್ಮನ ಜೀವ ಕೇಳಲಿಲ್ಲ. ದೇವರ ಹೂ ತುಳಿದಾಡುವ ಕಡೆ ಇಡುತ್ತಾರೆಯೇ? ಅಯ್ಯೋ ಶಿವನೇ ಎಂದು ಬಗ್ಗಿ ಎತ್ತಿ, ಕಣ್ಣಿಗೊತ್ತಿಕೊಂಡು, ಪಕ್ಕದ ಗೋಡೆಯ ಮೇಲಿಟ್ಟಳು. ಎರಡನೆಯದನ್ನೂ ಎತ್ತಿದಳು. ಮೂರನೆಯದಕ್ಕೆ ಬಗ್ಗಿದಾಗ ಕೆತುತ್ ಓಡಿ ಬಂದ. ಬೈಯಲಿಲ್ಲ. ಅವಳ ಕೈಯಿಂದ ಮೆತ್ತಗೆ ಬುಟ್ಟಿ ತೆಗೆದುಕೊಂಡು ಇದ್ದಲ್ಲಿಯೇ ಇಟ್ಟು ದಿವ್ಯಳಿಗೆ ಏನೋ ಹೇಳಿದ.

"ದೊಡ್ಡಮ್ಮ, ಅದು ನೆಲದ ಮೇಲೇ ಇಡೋದಂತೆ," ಎಂದಳು ದಿವ್ಯ. "ಎತ್ತರದಲ್ಲಿ ಇಡೋದು ದೇವರಿಗೆ. ಕೆಳಗಡೆ ಇಡೋದು ಕೆಳಗಿರೋರಿಗೆ, ಭೂತಗಳಿಗೆ. ಅವರನ್ನ ಬಿಟ್ಬಿಟ್ರೆ ನೊಂದ್ಕೋತಾರಂತೆ. ಅದಕ್ಕೆ ದಿನಾ ಎಲ್ಲರಿಗೂ ಇಡ್ತಾರೆ, ಯಾರನ್ನೂ ಬಿಡಲ್ಲ."

"ದಿನಾ ಯಾರು ಕಟ್ತಾರೆ ಇಷ್ಟೊಂದು?" ಎಂದು ಹಿಂದಿನಿಂದ ಸೊಣ್ಣಮ್ಮ ಕೇಳಿದಳು.

ಕೆತುತ್‌ನ ಮನೆಯಲ್ಲಿ ಅವನ ತಾಯಿ ಕಟ್ಟುತ್ತಾಳಂತೆ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿದೆ, ಅಮ್ಮ ಬೆಳಿಗ್ಗೆ ಎದ್ದು ಹದಿನೈದು ಬುಟ್ಟಿ ಕಟ್ಟಿ, ತಲೆಗೊಂದು ಹೂ ಮುಡಿದು ಮನೆಯ ಸುತ್ತ ಇಟ್ಟು ಬರುತ್ತಾಳಂತೆ.

"ಗಂಡ ಇಲ್ದೋಳು ಇಡಬಹುದಂತಾ? ಮುಡೀಬಹುದಂತಾ? ಸರಿಯಾಗಿ ಕೇಳೇ ದಿವ್ಯ," ಎಂದಳು ಸೊಣ್ಣಮ್ಮ.

ದಿವ್ಯ ಕೇಳಿದಳು. ಕೆತುತ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಇನ್ನೊಂದು ಸಲ ಕೇಳಿಸಿಕೊಂಡು, ಹಾಗಾದರೆ ಮತ್ತೆ ಯಾರು ಇಡಬೇಕು, ಮನೆಯಲ್ಲಿ ದೊಡ್ಡವಳು ಅವಳೇ ಅಲ್ಲವೇ ಎಂದ. ಮುನಿಲಕ್ಷ್ಮಮ್ಮನಿಗೆ ಗೋಡೆಯ ಮೇಲಿಟ್ಟ ಎರಡು ಬುಟ್ಟಿಗಳ ನೆನಪಾಗಿ, ವಾಪಸ್ಸು ಹೋಗಿ ಅವನ್ನೂ ನೆಲಕ್ಕಿಟ್ಟು ಬಂದಳು.

ಮೂರನೆಯದು ಕೋತಿಗಳ ಕಾಡು. ಬನಶಂಕರಿ ದೇವಸ್ಥಾನದ ಬಾಳೆಹಣ್ಣಿನ ಅಂಗಡಿಯವರನ್ನು ತಂದು ಇಲ್ಲಿ ಬಿಟ್ಟಿದ್ದರೆ ಒಂದೇ ದಿನದಲ್ಲಿ ಊರು ಬಿಟ್ಟು ಓಡುತ್ತಿದ್ದರು, ಅಷ್ಟು ಕೋತಿಗಳು. ಒಂದು ದಢೂತಿ ಗಂಡುಕೋತಿ ಮರದಿಂದಿಳಿದು ಬಂದು, ಮುನಿಲಕ್ಷ್ಮಮ್ಮನ ಸೊಂಟಕ್ಕೆ ಕೈಹಾಕಿ, ಎಲೆಅಡಿಕೆ ಚೀಲ ಕಿತ್ತುಕೊಂಡು ಕಲ್ಲಿನ ಕಟ್ಟೆಯ ಮೇಲೆ ಕೂತಿತು. ಎಲೆ ಹೋಗಲಿ, ಅಡಿಕೆ ಹೋಗಲಿ, ಅದರೊಳಗೆ ಆ ಕೊಂಬಿದೆ.

ಯಾರೂ ಮುಂದೆ ಹೋಗಲಿಲ್ಲ. ಕೆತುತ್ ಕೂಡ ಬೇಡ ಬೇಡ ಎಂದು ಕೈಯಾಡಿಸುತ್ತಿದ್ದ. ಸೊಣ್ಣಮ್ಮ ಮಾತ್ರ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. "ಕೊಡ್ತೀಯೋ ಇಲ್ವೋ ಮುಂಡೇದೆ! ಯಾರ ಚೀಲ ಅಂತ ಕಿತ್ಕೊಂಡೆ ನೀನು?" ಎಂದು ಅವಳು ಕಾಲು ನೆಲಕ್ಕೆ ಬಡಿದ ಸದ್ದಿಗೆ ಕೋತಿ ಹೌಹಾರಿ ಚೀಲ ಬಿಸಾಡಿ ಮರ ಹತ್ತಿತು. ಎಲೆ ಅಡಿಕೆಯೆಲ್ಲ ಚೆಲ್ಲಾಪಿಲ್ಲಿ. ಸೊಣ್ಣಮ್ಮ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಆಯ್ದಳು. ಕಾಗದ ಬಿಚ್ಚಿ ಹೊರಗೆ ಬಿದ್ದಿದ್ದ ಅರಿಶಿನದ ಕೊಂಬು ಅವಳ ಕೈಗೆ ಸಿಕ್ಕಿತು.

ಎಲೆಅಡಿಕೆ ಚೀಲದಲ್ಲಿ ಯಾರೂ ಅರಿಶಿನ ಇಡುವುದಿಲ್ಲ. ಸೊಣ್ಣಮ್ಮ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿದಳು. ಈಗ ಹೇಳಿಬಿಡಬೇಕು, ಇದು ನಿನಗೇ ತಂದಿದ್ದು ಸೊಣ್ಣಿ ಎನ್ನಬೇಕು ಎಂದುಕೊಂಡಳು ಮುನಿಲಕ್ಷ್ಮಮ್ಮ. ಅಷ್ಟರಲ್ಲಿ ಸೊಣ್ಣಮ್ಮ ಕೊಂಬನ್ನು ಮೊದಲಿನ ಹಾಗೆಯೇ ಕಾಗದದಲ್ಲಿ ಸುತ್ತಿ, ಚೀಲದೊಳಗಿಟ್ಟು, ದಾರ ಎಳೆದು ಗಂಟು ಹಾಕಿ, "ಕೆತುತ್, ಕೊಡಪ್ಪ ಅವ್ರಿಗೆ. ಬೆಲೆಬಾಳೋದು ಇದೆ ಅದ್ರಲ್ಲಿ, ಭದ್ರವಾಗಿ ಇಟ್ಕೊಳ್ಳೋಕೆ ಹೇಳು," ಎಂದಳು.

ದಿವ್ಯ ಪೀಪಿ ಊದಿದಳು.

ನಾಲ್ಕನೆಯದು ಗುಡ್ಡದ ಮೈಗೆ ಮೆಟ್ಟಿಲುಮೆಟ್ಟಿಲಾಗಿ ಕಡಿದ ಗದ್ದೆ. ಮಿಕ್ಕವರು ಉಯ್ಯಾಲೆಯಲ್ಲಿ ಕೂತು ಫೋಟೋ ತೆಗೆಸಿಕೊಳ್ಳಲು ಹೋದರೆ ಇವರಿಬ್ಬರು ಗದ್ದೆಯ ಅಂಚಿನಲ್ಲಿ ನಿಂತುಬಿಟ್ಟರು. ಎಷ್ಟು ವರ್ಷವಾಗಿತ್ತು ನಾಟಿಯ ಹಸಿರು ನೋಡಿ! ಸಾರಕ್ಕಿ ಕೆರೆಯ ಕೆಳಗೆ ಇವರದೂ ಗದ್ದೆಯಿತ್ತು. ಅದರ ಮೇಲೀಗ ಒಂದು ಮದುವೆ ಛತ್ರವೂ ಎರಡು ಎ.ಟಿ.ಎಮ್ಮೂ ಇವೆ. ಮದುವೆಯಾಗಿ ಬಂದ ಹೊಸದರಲ್ಲಿ ಸೊಣ್ಣಮ್ಮನಿಗೆ ನಾಟಿ ಬರುತ್ತಿರಲಿಲ್ಲ. ಕೆಸರಿನಲ್ಲಿ ಪಕ್ಕ ನಿಲ್ಲಿಸಿಕೊಂಡು ಕಲಿಸಿದವಳು ಮುನಿಲಕ್ಷ್ಮಮ್ಮನೇ.

"ಹೇಳಪ್ಪ ಕೆತುತ್," ಎಂದಳು ಸೊಣ್ಣಮ್ಮ ಗದ್ದೆಯನ್ನೇ ನೋಡುತ್ತ, "ಈ ನಾಟಿ ಹಾಕಿರೋರಿಗೆ ಕೈ ಪಳಗಿಲ್ಲ. ನಮ್ಮಕ್ಕನ ಸಾಲು ನೋಡ್ಬೇಕಿತ್ತು ನೀನು. ದಾರ ಹಿಡಿದ ಹಾಗಿರೋದು."

ನಮ್ಮಕ್ಕ. ಆರು ವರ್ಷದ ಮೇಲೆ ಆ ಮಾತು ಮುನಿಲಕ್ಷ್ಮಮ್ಮನ ಕಿವಿಗೆ ಬಿತ್ತು. ಕೆತುತ್ ಅವಳ ಕಡೆ ತಿರುಗಿ ಎಂದಿನಂತೆ ತಲೆ ಬಾಗಿಸಿದ. ಅವಳೂ ಅವನಿಗೇ ತಲೆ ಬಾಗಿಸಿದಳು, ಮತ್ತೇನೂ ಮಾಡಲು ತೋಚದೆ.

ಐದನೆಯದು ಕಾಫಿ ತೋಟ. ಪುಟ್ಟ ಪುಟ್ಟ ಲೋಟಗಳಲ್ಲಿ ಹತ್ತು ಬಗೆಯ ಕಾಫಿ, ಟೀ. ಮುನಿಲಕ್ಷ್ಮಮ್ಮ ಒಂದು ಲೋಟ ಎತ್ತಿ ಕುಡಿದು, ಪರವಾಗಿಲ್ಲ, ಗಟ್ಟಿಯಾಗಿದೆ ಎಂದು ಚಪ್ಪರಿಸುವ ಹೊತ್ತಿಗೆ ಸೊಣ್ಣಮ್ಮ ಪಂಜರದಲ್ಲಿದ್ದ ಪುನುಗಿನ ಬೆಕ್ಕಿನ ವಿಚಾರವನ್ನೆಲ್ಲ ದಿವ್ಯಳಿಂದ ತಿಳಿದುಕೊಂಡು ಬಂದಳು.

"ಕೆತುತ್, ಅವ್ರಿಗೆ ಹೇಳು ಬೇಗ, ಅದನ್ನ ಕುಡೀಬೇಡ ಅಂತ! ಬೆಕ್ಕು ನುಂಗಿ ಆ ಕಡೆಯಿಂದ ಬಿಟ್ಟ ಬೀಜದ್ದಂತೆ ಅದು!"

ಮುನಿಲಕ್ಷ್ಮಮ್ಮ ಲೋಟ ನೋಡಿದಳು. ಖಾಲಿ. ಅವಳ ಮುಖ ಕಂಡು ಸೊಣ್ಣಮ್ಮನಿಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಗುವಾಗ ಸೆರಗನ್ನು ಬಾಯಿಗೆ ತುರುಕಿಕೊಳ್ಳುವ ಆ ಅಭ್ಯಾಸ ಹಾಗೇ ಇತ್ತು. ಮುನಿಲಕ್ಷ್ಮಮ್ಮನೂ ನಗತೊಡಗಿದಳು. ನಕ್ಕೂ ನಕ್ಕೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಷ್ಟರಲ್ಲಿ ಮದುವೆಯ ಚಪ್ಪರ ಇಬ್ಬರಿಗೂ ನೆನಪಿಗೆ ಬಂತೋ ಏನೋ, ಸೊಣ್ಣಮ್ಮ ಬಾಯಿ ಒರೆಸಿಕೊಂಡು ಬಸ್ಸಿನ ಕಡೆ ನಡೆದಳು.

ಊಟ ಮುಗಿಸಿ ಜಲಪಾತ, ಮರದ ಕೆತ್ತನೆಯ ಅಂಗಡಿ. ಏಳೂ ಮುಗಿದವು. ಮುನಿಲಕ್ಷ್ಮಮ್ಮ ಒಂದೊಂದು ಕಡೆಯೂ ಇಲ್ಲಿ ಹೇಳುತ್ತೇನೆ ಎಂದುಕೊಂಡು ಇಳಿಯುವಳು, ಹೇಳದೆ ಹತ್ತುವಳು. ನಡುವೆ ಸೌಮ್ಯಳ ಫೋನು ಬಂತು. "ಕರೆದ್ಯಾ?" ಎಂದಳು ಮಗಳು, ಹಲೋ ಕೂಡ ಅನ್ನದೆ. "ಇನ್ನೂ ಒಂದು ಜಾಗ ಇದೆ ಕಣೇ," ಎಂದಳು ತಾಯಿ.

ಎಂಟನೆಯದು ಸಮುದ್ರದ ನಡುವೆ ಬಂಡೆಯ ಮೇಲೆ ಕಟ್ಟಿದ ದೇವಸ್ಥಾನ. ಇಳಿತದ ಹೊತ್ತಿನಲ್ಲಿ ಮಾತ್ರ ನಡೆದು ಹೋಗಬಹುದು, ಉಬ್ಬರ ಬಂದರೆ ದಾರಿ ಮುಳುಗುತ್ತದೆ. ಇವರು ತಲುಪುವಾಗ ಹೊತ್ತು ಇಳಿದಿತ್ತು. ಬಟ್ಟೆ ಅಂಗಡಿಯಲ್ಲಿ ಹೋದ ಹತ್ತು ನಿಮಿಷ ಇಲ್ಲಿಗೆ ಬಂದು ಕಾಡಿತು. ನೀರು ಆಗಲೇ ಏರತೊಡಗಿದೆ, ಹೋಗುವವರು ಈಗಲೇ ಹೋಗಿ ಹದಿನೈದೇ ನಿಮಿಷದಲ್ಲಿ ಬರಬೇಕು ಎಂದ ಕೆತುತ್. ಮಂಡಿನೋವಿನವರೆಲ್ಲ ದಡದಲ್ಲೇ ಎಳನೀರು ಹಿಡಿದು ಕೂತರು, ದಿವ್ಯ ಅವರ ಕಾವಲಿಗೆ. ಸೊಣ್ಣಮ್ಮ ಚಪ್ಪಲಿ ಕಳಚಿ ಸೀರೆ ಎತ್ತಿಕಟ್ಟಿದಳು. ಮುನಿಲಕ್ಷ್ಮಮ್ಮನ ಮಂಡಿಯೂ ನೋಯುತ್ತಿತ್ತು. ಅವಳೂ ಚಪ್ಪಲಿ ಕಳಚಿದಳು.

ಕೆತುತ್ ನಡುವೆ, ಒಂದು ಕೈಗೆ ಒಬ್ಬಳು, ಇನ್ನೊಂದು ಕೈಗೆ ಇನ್ನೊಬ್ಬಳು. ಪಾದ ಮುಳುಗುವಷ್ಟು ಬೆಚ್ಚಗಿನ ಉಪ್ಪುನೀರು. ಬಂಡೆಯ ಬುಡದಲ್ಲಿ ಒಂದು ಗವಿ, ಗವಿಯಲ್ಲಿ ಒಂದು ಸಿಹಿನೀರಿನ ಊಟೆ, ಸುತ್ತ ಬಿಳಿಬಟ್ಟೆಯ ಪೂಜಾರಿಗಳು. ಸಾಲಿನಲ್ಲಿ ಮುಂದಿದ್ದವರ ತಲೆಗೆಲ್ಲ ನೀರು ಪ್ರೋಕ್ಷಿಸಿ, ಹಣೆಗೆ ನೆನೆದ ಅಕ್ಕಿಕಾಳು ಮೆತ್ತಿ, ಕಿವಿಯ ಹಿಂದೆ ಒಂದು ಹೂ ಸಿಕ್ಕಿಸಿ ಕಳಿಸುತ್ತಿದ್ದರು. ಗಂಡಸು, ಹೆಂಗಸು, ಬಿಳಿ ಚರ್ಮದವರು, ಕರಿ ಚರ್ಮದವರು, ಯಾರನ್ನೂ ನೀನು ಯಾರು ಎಂದು ಕೇಳುತ್ತಿರಲಿಲ್ಲ.

ಇವರ ಸರದಿ ಬಂತು. ಮುದುಕ ಪೂಜಾರಿ ಸೊಣ್ಣಮ್ಮನ ಹಣೆಗೆ ಅಕ್ಕಿ ಒತ್ತಿದ. ಆರು ವರ್ಷದಿಂದ ವಿಭೂತಿಯ ಗೆರೆಯಲ್ಲದೆ ಬೇರೇನೂ ಕಾಣದ ಹಣೆ. ಅವಳು ತಡೆಯುವ ಮೊದಲೇ ದೇವಕಣಗಿಲೆಯ ಬಿಳಿ ಹೂವನ್ನು ಕಿವಿಯ ಹಿಂದೆ ಸಿಕ್ಕಿಸಿಯೂಬಿಟ್ಟ. ಮುನಿಲಕ್ಷ್ಮಮ್ಮನಿಗೂ ಹಾಗೆಯೇ ಮಾಡಿ, ಮುಂದಿನವರ ಕಡೆ ತಿರುಗಿದ.

ಸೊಣ್ಣಮ್ಮನ ಕೈ ತಾನಾಗಿಯೇ ಹೂವಿನ ಕಡೆಗೆ ಹೋಯಿತು, ತೆಗೆಯಲು. ಯಾರೂ ಕೆಮ್ಮಿರಲಿಲ್ಲ ಇಲ್ಲಿ. ಆದರೂ ಆ ಕೈ ಹೋಯಿತು. ಮುನಿಲಕ್ಷ್ಮಮ್ಮ ಅದನ್ನು ನೋಡಿದಳು. ಅಂದು ಬಟ್ಟಲು ತೆಗೆದುಕೊಂಡದ್ದು ಇದೇ ಕೈಯಿಂದ. ಅವಳು ತನ್ನ ಕೈ ಚಾಚಿ ಆ ಕೈಯನ್ನು ಹಿಡಿದುಕೊಂಡಳು.

ಹಿಡಿದುಕೊಂಡಳು, ಆದರೆ ಮುಖ ನೋಡಲಾಗಲಿಲ್ಲ. ಎದುರಿಗೆ ಕೆತುತ್ ಇದ್ದ.

"ಕೆತುತ್, ಅವಳಿಗೆ ಹೇಳಪ್ಪ," ಎಂದಳು. "ತೆಗೀಬೇಡ ಅಂತ ಹೇಳು. ಆವತ್ತು ನಾನು ಬಟ್ಲು ಕಿತ್ಕೊಂಡಿದ್ದು ತಪ್ಪು ಅಂತ ಹೇಳು. ನನ್ನ ಮಗೂಗೆ ಎದೆಹಾಲು ಕೊಟ್ಟೋಳನ್ನ, ಆ ಮುದುಕಿ ಕೆಮ್ಮಿದ್ಲು ಅಂತ, ಅಡಿಗೆಮನೆಗೆ ಅಟ್ಟಿದೆ ನಾನು. ಯಾರೂ ನನ್ನ ಬಾಯಿ ಕಟ್ಟಿರ್ಲಿಲ್ಲ. ನಾನೇ ಹೆದರ್ಕೊಂಡೆ, ಎಲ್ಲಿ ನನ್ನ ಮಗಳಿಗೆ ಕೆಟ್ಟದಾಗುತ್ತೋ ಅಂತ. ನಮ್ಮನೆಯವರು ಹೋದ್ಮೇಲೆ ಗೊತ್ತಾಯ್ತು, ನಿಂತ ಕಡೆ ಜನ ಹೆಂಗೆ ಸರಿದು ನಿಲ್ತಾರೆ ಅಂತ. ಆಮೇಲೂ ಎರಡು ವರ್ಷ ನಾಯಿಗೆ ಹೇಳ್ದೆ, ಗಿಡಕ್ಕೆ ಹೇಳ್ದೆ, ಅವಳಿಗೆ ಹೇಳ್ಲಿಲ್ಲ. ಸೌಮ್ಯನ ಸೀಮಂತಕ್ಕೆ ಅವಳು ಬರಬೇಕು ಅಂತ ಹೇಳಪ್ಪ. ಅವಳಿಲ್ದೆ ಆ ಹುಡುಗಿ ಹಸೆ ಮೇಲೆ ಕೂರಲ್ಲ. ನಂಗೂ ಕೂರಿಸೋಕೆ ಮನಸ್ಸಿಲ್ಲ."

ಕೆತುತ್‌ನ ಮುಖ ಬಾಡಿತು. ಒಂದು ಪದವೂ ತಿಳಿಯದಿದ್ದರೂ ಅವನು ತನ್ನ ಕೆಲಸ ಬಿಡಲಿಲ್ಲ. ಸೊಣ್ಣಮ್ಮನ ಕಡೆಗೆ ತಿರುಗಿದ. ಈ ಸಲ ತಲೆ ಬಾಗಿಸಲಿಲ್ಲ. ಎರಡೂ ಕೈ ಜೋಡಿಸಿ ನಿಂತ.

ಸೊಣ್ಣಮ್ಮ ಅವನನ್ನು ನೋಡಲೇ ಇಲ್ಲ.

"ಅವನಿಗ್ಯಾಕೆ ಹೇಳ್ತೀಯಕ್ಕ?" ಎಂದಳು. "ಪಾಪ, ಅವನಿಗೇನು ಗೊತ್ತು? ನಂಗೆ ಹೇಳು."

ಮುನಿಲಕ್ಷ್ಮಮ್ಮ ಮುಖ ಎತ್ತಿದಳು. ಸೊಣ್ಣಮ್ಮ ಅಳುತ್ತಿದ್ದಳು. ಅಷ್ಟುದ್ದ ಹೇಳಿದ್ದೆಲ್ಲ ಈಗ ಬಾಯಿಗೆ ಬರಲಿಲ್ಲ. "ತಪ್ಪಾಯ್ತು ಸೊಣ್ಣಿ," ಎಂದಳು, "ಮನೆಗೆ ಬಾ."

ಸೊಣ್ಣಮ್ಮ ಮೂಗು ಒರೆಸಿಕೊಂಡಳು. "ಆರು ವರ್ಷ ಬೇಕಿತ್ತಾ ಇಷ್ಟು ಹೇಳೋಕೆ? ಆ ಹಾಲಿನವನು ನಮ್ಮಿಬ್ಬರ ಮಾತು ಹೊತ್ತೂ ಹೊತ್ತೂ ಸೋತುಹೋದ." ಆಮೇಲೆ ಅಂಗೈ ಮುಂದೆ ಚಾಚಿದಳು. "ಕೊಡು. ಆ ಕೋತಿಗೆ ಕೊಡೋಕೇನೂ ತಂದಿರ್ಲಿಲ್ವಲ್ಲ ಅದನ್ನ?"

ಮುನಿಲಕ್ಷ್ಮಮ್ಮ ಸೊಂಟದ ಚೀಲ ಬಿಚ್ಚಿ ಅರಿಶಿನದ ಕೊಂಬು ತೆಗೆದು ಆ ಅಂಗೈಯಲ್ಲಿಟ್ಟಳು. ನೀರು ಮೊಳಕಾಲಿಗೆ ಬರುತ್ತಿದೆ ಎಂದು ಕೆತುತ್ ಅವಸರಿಸುತ್ತಿದ್ದ. ದಡದಲ್ಲಿ ದಿವ್ಯ ಒಂದೇ ಸಮ ಪೀಪಿ ಊದುತ್ತಿದ್ದಳು. ವಾಪಸ್ಸು ಬರುವಾಗ ಕೆತುತ್ ಮುಂದೆ ನಡೆದ. ಇವರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಸೀರೆಯೆಲ್ಲ ತೋಯಿಸಿಕೊಂಡು, ಕಿವಿಯ ಹೂ ಬೀಳದ ಹಾಗೆ ಕತ್ತು ನೆಟ್ಟಗಿಟ್ಟುಕೊಂಡು ಹಿಂದೆ ಬಂದರು. ಬಸ್ಸಿನಲ್ಲಿ ಆರು ವರ್ಷದ ಬಾಕಿ ಮಾತನ್ನೆಲ್ಲ ಒಂದೇ ಸಲಕ್ಕೆ ಆಡಹೊರಟು ಮಿಕ್ಕ ಹದಿನೆಂಟು ಜನಕ್ಕೆ ನಿದ್ದೆ ಮಾಡಲು ಬಿಡಲಿಲ್ಲ.

ಸೊಣ್ಣಮ್ಮ ಹಾರೋಹಳ್ಳಿಯಿಂದ ಹದಿನೈದು ದಿನಕ್ಕಲ್ಲ, ಐದನೇ ದಿನಕ್ಕೇ ಬಂದಳು. ಚಕ್ಕುಲಿ, ಕರಿಗಡುಬು, ಸಜ್ಜಪ್ಪ, ಎರಡು ಮನೆಯ ಒಲೆಯೂ ಆರಲಿಲ್ಲ.

ಸೀಮಂತದ ದಿನ ಸಾರಕ್ಕಿಯ ಆ ಅಂಗಳದಲ್ಲಿ ಮತ್ತೆ ಚಪ್ಪರ. ಹಸಿರು ಸೀರೆ ಉಟ್ಟು, ಏಳು ತಿಂಗಳ ಹೊಟ್ಟೆ ಹೊತ್ತು ಸೌಮ್ಯ ಹಸೆಯ ಮೇಲೆ ಕೂತಿದ್ದಳು. ಕೊಂಬನ್ನು ಸೊಣ್ಣಮ್ಮ ತಾನೇ ತೇಯ್ದು ಅರಿಶಿನದ ಜೊತೆ ಕಲಸಿದ್ದಳು. ಬಟ್ಟಲು ಹಿಡಿದು ಅವಳು ಎದ್ದಾಗ ಚಪ್ಪರದಡಿ ಗುಸುಗುಸು ನಿಂತಿತು. ಎಂಬತ್ತು ದಾಟಿದ ಗೋವಿಂದಮ್ಮ ಕುರ್ಚಿಯಲ್ಲಿ ಸರಿದು ಕೂತು, ಗಂಟಲು ಸರಿಮಾಡಿಕೊಂಡು, ಒಂದು ಸಲ ಕೆಮ್ಮಿದಳು.

ಮುನಿಲಕ್ಷ್ಮಮ್ಮ ಎದ್ದು ನಿಂತಳು. ಸೊಣ್ಣಮ್ಮನ ಹೆಜ್ಜೆ ಒಂದು ಗಳಿಗೆ ತಡೆಯಿತು.

"ದಿವ್ಯ," ಎಂದಳು ಮುನಿಲಕ್ಷ್ಮಮ್ಮ, ಇಡೀ ಚಪ್ಪರಕ್ಕೆ ಕೇಳುವ ಹಾಗೆ, "ಅತ್ತೆಗೆ ಒಂದು ಲೋಟ ಬಿಸಿನೀರು ತಂದುಕೊಡು. ಪಾಪ, ಆರು ವರ್ಷದಿಂದ ಕೆಮ್ಮು ಹೋಗಿಲ್ಲ ಅವರಿಗೆ." ಆಮೇಲೆ ಸೊಣ್ಣಮ್ಮನ ಕಡೆ ತಿರುಗಿದಳು. ನಡುವೆ ಯಾರೂ ಇರಲಿಲ್ಲ. "ಹಚ್ಚು ಸೊಣ್ಣಿ. ಮಗು ಕಾಯ್ತಿದೆ."

ಸೊಣ್ಣಮ್ಮ ಸೌಮ್ಯಳ ಎರಡೂ ಕೆನ್ನೆಗೆ ಅರಿಶಿನ ಹಚ್ಚಿದಳು, ಕೈಗೆ ಹಚ್ಚಿದಳು, ಬಗ್ಗಿ ಪಾದಕ್ಕೂ ಹಚ್ಚಿದಳು. ಸೌಮ್ಯ ಅಳುತ್ತಲೇ ನಗುತ್ತಿದ್ದಳು. ಹಚ್ಚಿ ಎದ್ದ ಸೊಣ್ಣಮ್ಮ ತನ್ನ ಅಂಗೈ ನೋಡಿಕೊಂಡಳು. ಇನ್ನೂ ಸ್ವಲ್ಪ ಉಳಿದಿತ್ತು. ಎಲ್ಲರೂ ನೋಡುತ್ತಿರುವಂತೆಯೇ ಎರಡು ಹೆಜ್ಜೆ ಈಚೆಗೆ ಬಂದು, ಅದನ್ನು ಮುನಿಲಕ್ಷ್ಮಮ್ಮನ ಕೆನ್ನೆಗೆ ಹಚ್ಚಿದಳು.